ಹಾಕಿದವಳು ಹೇಳುವ ಹಾಗಿಲ್ಲ

ಅತ್ತಿಗೆ ಇಂಗ್ಲಿಷಿನಲ್ಲಿ ಫೇಲಾದಳೆಂಬ ಸುದ್ದಿ ಕಿವಿಗೆ ಬಿದ್ದ ಸಂಜೆ ನಾದಿನಿ ಮನೆಗೆ ಬಂದವಳೇ, ತೊಳೆದು ಕವುಚಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ಸಿಂಕಿಗೆ ಹಾಕಿಕೊಂಡು ಉಜ್ಜತೊಡಗಿದಳು. ಸಿಟ್ಟು ಬಂದರೆ ಕೆಲವರು ನುಂಗುತ್ತಾರೆ, ಕೆಲವರು ಕಾರುತ್ತಾರೆ. ಇವಳು ಉಜ್ಜುತ್ತಾಳೆ. ಆ ಮನೆಯ ಪಾತ್ರೆಗಳ ತಳ ನೋಡಿದರೆ ಸಾಕು, ಲೋಕದಲ್ಲಿ ಇವಳ ಕಣ್ಣಿಗೆ ಅದೆಷ್ಟು ಅನ್ಯಾಯ ಬಿದ್ದಿದೆಯೆಂದು ಯಾರಿಗಾದರೂ ತಿಳಿಯುವಂತಿತ್ತು.

ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತು ಆ ಸದ್ದು ಕೇಳಿ, "ಆ ತಪ್ಪಲೆ ಏನು ಮಾಡಿತ್ತೇ ನಿನಗೆ? ಅದೇನಾದರೂ ನಿನ್ನ ಅತ್ತಿಗೆಗೆ ಪರೀಕ್ಷೆ ಮಾಡಿತ್ತಾ?" ಎಂದಳು.

ನಾದಿನಿ ತಪ್ಪಲೆ ಬಿಟ್ಟು ಬಾಣಲೆ ಎತ್ತಿಕೊಂಡಳು. ಅವಳ ತಲೆಯಲ್ಲಿ ಆಸ್ಪತ್ರೆಯ ಗುಮಾಸ್ತನ ನಗೆ ಇನ್ನೂ ಸುತ್ತುತ್ತಿತ್ತು. ಸಂಜೆಯ ಪಾಠಕ್ಕೆಂದು ಹೋದವಳನ್ನು ಅವನೇ ಕರೆದು ಹೇಳಿದ್ದ, ನಿಮ್ಮ ಅತ್ತಿಗೆ ಬಾಯೇ ಬಿಡಲಿಲ್ಲವಂತೆ ಮೇಡಂ, ಕೇಳಿದ್ದಕ್ಕೆಲ್ಲ ಗೋಡೆಗೆ ಒರಗಿಸಿಟ್ಟ ಕೋಲಿನ ಹಾಗೆ ನಿಂತಿದ್ದರಂತೆ, ಪರ್ಫೆಕ್ಟ್ ಟೆನ್ಸು ಒಂದಿಷ್ಟೂ ಬರುವುದಿಲ್ಲವೆಂದು ಪರೀಕ್ಷೆ ಮಾಡಿದವರು ಹೇಳಿಹೋದರು ಅಂತ. ಅದನ್ನು ಕೇಳಿದಾಗ ನಾದಿನಿಗೆ ನೆಲವೇ ಸರಿದಂತಾಯಿತು. ಅತ್ತಿಗೆಗೆ ಏನೇ ಬರದಿದ್ದರೂ ಅದೊಂದು ಬರುತ್ತಿತ್ತು. ಅದನ್ನು ಕಲಿಸಿದವಳು ತಾನು. ಕಲಿಸಿದ್ದು ಇದೇ ಅಡುಗೆಮನೆಯಲ್ಲಿ.

ಅತ್ತಿಗೆ ಕೆಲಸ ಮಾಡುವುದು ಊರಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಬಟ್ಟಲುಗಳೆಲ್ಲ ಅಲ್ಲಿಗೆ ಇಳಿದು ಬರುತ್ತವೆ. ಅವನ್ನು ತೊಳೆದು, ಒರೆಸಿ, ಟ್ರೇಯಲ್ಲಿ ಜೋಡಿಸಿ, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಆವಿಯ ಒತ್ತಡದಲ್ಲಿ ಬೇಯಿಸುವ ಆಟೋಕ್ಲೇವೆಂಬ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತಾರೆ. ಬೆಂದು ಹೊರಬಂದ ಗಂಟುಗಳನ್ನು ಗೋಡೆಯಲ್ಲಿನ ಸಣ್ಣ ಕಿಟಕಿಯಿಂದ ಮೇಲಿನ ಆಪರೇಷನ್ ಥಿಯೇಟರಿನವರು ಒಯ್ಯುತ್ತಾರೆ. ಆ ಕೋಣೆಗೆ ಹೊರಗಿನ ಬೆಳಕಿಲ್ಲ, ಹಗಲು ರಾತ್ರಿಗಳ ಗುರುತಿಲ್ಲ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಸೇರಿದವಳು ಅಲ್ಲೇ ಹಣ್ಣಾಗಿದ್ದಳು. ಈಗ ಅವಳ ಬಲಭುಜ ಸೋತಿತ್ತು. ತಲೆ ಬಾಚಿಕೊಳ್ಳಲೂ ಎಡಗೈಯೇ ಬೇಕು. ಭಾರ ಎತ್ತುವುದನ್ನು ಬಿಡದಿದ್ದರೆ ಕೈಯನ್ನೇ ಬಿಡಬೇಕಾಗುತ್ತದೆಂದು ಅದೇ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಆ ಕೋಣೆಯಲ್ಲಿ ಭಾರ ಎತ್ತದೆ ಮಾಡುವ ಕೆಲಸ ಒಂದೇ, ಮೇಲ್ವಿಚಾರಣೆ. ಆ ಕುರ್ಚಿಯಲ್ಲಿದ್ದ, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸು ನಿವೃತ್ತಳಾಗುವವಳಿದ್ದಳು. ಕುರ್ಚಿ ಸಿಕ್ಕರೆ ಅತ್ತಿಗೆ ಉಳಿಯುತ್ತಾಳೆ. ಸಿಗದಿದ್ದರೆ ಭುಜ ಹಿಡಿದುಕೊಂಡು ಮನೆಗೆ ಬರುತ್ತಾಳೆ. ವಿಷಯ ಇಷ್ಟೇ.

ಆದರೆ ಹೊಸದಾಗಿ ಬಂದ ಆಡಳಿತಾಧಿಕಾರಿ ಒಂದು ನಿಯಮ ತಂದಿದ್ದ. ಆ ಕುರ್ಚಿಯಲ್ಲಿ ಕೂರುವವರಿಗೆ ಇಂಗ್ಲಿಷ್ ಬರಬೇಕು, ಹೊರಗಿನಿಂದ ಬರುವ ಡಾಕ್ಟರುಗಳ ಜೊತೆ, ಯಂತ್ರದ ಕಂಪನಿಯವರ ಜೊತೆ ಮಾತಾಡುವಂತಿರಬೇಕು ಅಂತ. ಕಲಿಸಲು ಸಂಜೆಯ ತರಗತಿ, ಆರಿಸಲು ಬಾಯಿಮಾತಿನ ಪರೀಕ್ಷೆ. ಕಲಿಸಲು ಕರೆದದ್ದು ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾಗಿದ್ದ ನಾದಿನಿಯನ್ನೇ.

ಮೊದಮೊದಲು ಅವಳು ಕಲಿಸಿದ್ದು ತನಗೆ ಕಲಿಸಿದ್ದ ಹಾಗೆಯೇ. ಬೋರ್ಡಿನ ಮೇಲೆ ಅಡ್ಡಗೆರೆ ಉದ್ದಗೆರೆ, ಹ್ಯಾಸ್ ಒಂದು ಮನೆಯಲ್ಲಿ, ಹ್ಯಾವ್ ಒಂದು ಮನೆಯಲ್ಲಿ, ಹ್ಯಾಡ್ ಇನ್ನೊಂದರಲ್ಲಿ. ಅತ್ತಿಗೆ ಮನೆಗೆ ಬಂದು ಜಗಳಕ್ಕೇ ನಿಂತಿದ್ದಳು. ಮುಗಿದದ್ದನ್ನು ಮುಗಿಯಿತು ಅನ್ನುವುದಕ್ಕೆ ಇವರಿಗೆ ಇಷ್ಟೊಂದು ಬಾಗಿಲು ಯಾಕೆ, ಐ ವಾಶ್ಡ್ ಅಂದರೂ ತೊಳೆದದ್ದೇ, ಐ ಹ್ಯಾವ್ ವಾಶ್ಡ್ ಅಂದರೂ ತೊಳೆದದ್ದೇ, ಇಂಥ ಎರಡು ನಾಲಿಗೆಯ ಭಾಷೆ ನನಗೆ ಬೇಡ ಎಂದು ಸೆರಗು ಕೊಡವಿದ್ದಳು.

ಹೊತ್ತುಗೊತ್ತಿಲ್ಲದೆ ಬಸ್ಸು ಓಡಿಸುವ ಅಣ್ಣ ಆವತ್ತು ಬೇಗ ಬಂದು ಒಳಗೆ ಅಡ್ಡಾಗಿದ್ದ. ಅತ್ತಿಗೆ ಮಾತಿನ ನಡುವೆಯೇ ಅತ್ತೆಯನ್ನು ಕೇಳಿದಳು, "ಅತ್ತೆ, ಇವರದ್ದು ಊಟ ಆಯ್ತಾ?"

"ಊಟ ಮಾಡಿದಾನೆ, ಪಾತ್ರೆ ಎತ್ತಿಡು," ಎಂದಳು ತಾಯಿ.

ನಾದಿನಿಗೆ ಯಾರೋ ಒಳಗಿನಿಂದ ಚಿಲಕ ತೆಗೆದಂತಾಯಿತು. ಅಮ್ಮ ಈಗ ಹೇಳಿದ್ದೇನೆಂದು ಅತ್ತಿಗೆಯನ್ನು ಕೂರಿಸಿಕೊಂಡು ಬಿಡಿಸಿದಳು. ಊಟ ಮಾಡಿದ ಎಂದರೆ ಎಂದೋ ಮಾಡಿದ, ನಿನ್ನೆ ಮಾಡಿದ, ಯಾರದೋ ಮದುವೆಯಲ್ಲಿ ಮಾಡಿದ. ಅದು ಕಥೆ, ಕೇಳಿ ಬಿಡಬಹುದು. ಊಟ ಮಾಡಿದ್ದಾನೆ ಎಂದರೆ ಆ ಊಟ ಈಗಲೂ ಮನೆಯಲ್ಲಿದೆ. ಅವನ ಹೊಟ್ಟೆಯಲ್ಲಿದೆ, ಖಾಲಿ ತಟ್ಟೆಯಲ್ಲಿದೆ, ಇನ್ನು ಕಾಯಬೇಕಾಗಿಲ್ಲವೆಂಬ ನಿಮ್ಮ ಸಮಾಧಾನದಲ್ಲಿದೆ. ಕೆಲಸ ಹಿಂದೆ ಮುಗಿಯಿತು, ಆದರೆ ಅದರ ಕೈ ಈ ಹೊತ್ತಿನ ಹೆಗಲ ಮೇಲಿದೆ. ಹಿ ಹ್ಯಾಸ್ ಈಟನ್ ಎನ್ನುವುದು ಅಷ್ಟೇ ಅತ್ತಿಗೆ, ನೀವು ದಿನಾ ಆಡುವ ಮಾತು. ಇನ್ನು ನೀವು ಬರುವ ಹೊತ್ತಿಗೆ ಅವನು ಊಟ ಮಾಡಿದ್ದ ಅಂದರೆ, ನೀವು ಬಂದದ್ದೂ ಹಿಂದೆ, ಅವನು ಉಂಡದ್ದು ಅದಕ್ಕೂ ಹಿಂದೆ. ಅದು ಹ್ಯಾಡ್.

ತಾಯಿಗೂ ಹುರುಪು ಬಂತು. "ಹಂಗಾದ್ರೆ, ನಾಳೆ ನೀವು ಏಳೋ ಹೊತ್ತಿಗೆ ನಲ್ಲಿ ರಿಪೇರಿ ಮಾಡಿರ್ತೀನಿ ಅಂತಾನಲ್ಲ ನಿಮ್ಮಣ್ಣ, ಅದಕ್ಕೇನು?"

"ಅದೂ ಇದೆಯಮ್ಮ. ಐ ವಿಲ್ ಹ್ಯಾವ್ ರಿಪೇರ್ಡ್."

"ಅಯ್ಯೋ, ನನ್ನ ಮಗ ಹುಟ್ಟಿದಾಗಿನಿಂದ ಇಂಗ್ಲಿಷೇ ಮಾತಾಡ್ತಾ ಇದ್ದ, ನಮಗೇ ತಿಳೀಲಿಲ್ಲ," ಎಂದಳು ತಾಯಿ. ಒಳಗೆ ಅಡ್ಡಾಗಿದ್ದವನು ಕೆಮ್ಮಿ ಮಗ್ಗುಲು ಬದಲಾಯಿಸಿದ.

ಆ ದಿನದಿಂದ ಅತ್ತಿಗೆಗೆ ದಾರಿ ಕಂಡಿತು. ಹೊತ್ತಿದ ಒಲೆ, ಬಂದ ಬಸ್ಸು, ಸೋರುತ್ತಲೇ ಬಂದಿರುವ ನಲ್ಲಿ, ಎಲ್ಲಕ್ಕೂ ತಾನೇ ಇಂಗ್ಲಿಷ್ ಹುಡುಕಿಕೊಂಡು ನಗುತ್ತಿದ್ದಳು. ನಾದಿನಿ ತರಗತಿಯಲ್ಲೂ ಬೋರ್ಡಿನ ಗೆರೆಗಳನ್ನು ಅಳಿಸಿ ಹೀಗೆಯೇ ಕಲಿಸಿದಳು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಅವಳಿಗೆ ದಿಗಿಲಾಯಿತು. ಬರುವವರು ದೊಡ್ಡ ಊರಿನವರು, ಈ ಹೆಂಗಸರು ಬೆದರಿ ಬಾಯಿ ಕಟ್ಟಿಕೊಂಡಾರು ಅಂತ. ಅದಕ್ಕೊಂದು ಉಪಾಯ ಹೇಳಿಕೊಟ್ಟಳು: ಏನೇ ಕೇಳಲಿ, ಯೋಚಿಸುತ್ತ ನಿಲ್ಲಬೇಡಿ, ನೋ ಅನ್ನಬೇಡಿ, ಐ ಹ್ಯಾವ್ ಎಂದು ಶುರು ಮಾಡಿಬಿಡಿ, ಉಳಿದದ್ದು ತಾನಾಗಿ ಬರುತ್ತದೆ. ಹ್ಯಾವ್ ಯೂ ವಾಶ್ಡ್? ಐ ಹ್ಯಾವ್ ವಾಶ್ಡ್. ಹ್ಯಾವ್ ಯೂ ಚೆಕ್ಡ್? ಐ ಹ್ಯಾವ್ ಚೆಕ್ಡ್. ಇಡೀ ತರಗತಿ ಭಜನೆಯ ಹಾಗೆ ಒಕ್ಕೊರಲಿನಿಂದ ಹೇಳಿತು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಅತ್ತಿಗೆಯ ಜೊತೆಗಾತಿ, ಮಾತಿಗೆ ಮುಂಚೆ ಕೈಯೆತ್ತುವ ಎಳೆಯ ಹುಡುಗಿ. ಅವಳಿಗೆ ಅಲ್ಲಿ ಚೂಟಿ ಎಂದೇ ಹೆಸರು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದದ್ದೂ ಅವಳಿಗೇ. ಕುರ್ಚಿ ಈಗ ಅವಳದಂತೆ.

ಫೇಲಾದ ಆ ಸಂಜೆ ಅತ್ತಿಗೆ ಮನೆಗೆ ಬಂದಾಗ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಕೈಕಾಲು ತೊಳೆದು, ದೇವರ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಅಡುಗೆಮನೆಗೆ ಬಂದಳು. ನಾದಿನಿ ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದಳು.

"ನಿಮಗೆ ಬರ್ತಿತ್ತು ಅತ್ತಿಗೆ. ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತಿದ್ರಿ. ಬಾಯಿಗೆ ಏನು ಬೀಗ ಹಾಕಿಕೊಂಡಿದ್ರಾ?"

"ಬರ್ತಿತ್ತು," ಎಂದಳು ಅತ್ತಿಗೆ. "ಹೇಳೋ ಹಾಗಿರಲಿಲ್ಲ."

ಹೇಳುವ ಹಾಗಿರಲಿಲ್ಲ ಎಂದರೇನು? ಅತ್ತಿಗೆ ನಿಧಾನವಾಗಿ ಹೇಳಿದಳು. ಪರೀಕ್ಷೆ ತರಗತಿಯಲ್ಲಿ ನಡೆಯಲಿಲ್ಲ. ಕೆಲಸದ ಜಾಗದಲ್ಲೇ ನಡೆದರೆ ಸಹಜವಾಗಿರುತ್ತದೆಂದು ಅಧಿಕಾರಿ ಪರೀಕ್ಷಕರನ್ನು ನೆಲಮಾಳಿಗೆಗೇ ಕರೆತಂದಿದ್ದ. ಒಬ್ಬೊಬ್ಬರನ್ನೇ ಕೋಣೆಗೆ ಬಿಟ್ಟು ಉಳಿದವರನ್ನು ಹೊರಗೆ ನಿಲ್ಲಿಸಿದರು. ಮೊದಲು ಹೆಸರು, ಕೆಲಸ ಕೇಳಿದ್ದಕ್ಕೆ ಅತ್ತಿಗೆ ಉತ್ತರ ಕೊಟ್ಟಳು. ಆಮೇಲೆ ಪರೀಕ್ಷಕರು ಆಗಷ್ಟೇ ಆಟೋಕ್ಲೇವಿನಿಂದ ಹೊರಗೆಳೆದಿದ್ದ ಗಂಟುಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಕೇಳಿದರು, ನೀವು ಇದನ್ನು ನೋಡಿ ಮುಗಿಸಿದ್ದೀರಾ, ಇದು ತಯಾರಾಗಿದೆಯಾ? ಅದು ಅತ್ತಿಗೆಯೇ ಕಟ್ಟಿ ಒಳಗೆ ಹಾಕಿದ್ದ ಗಂಟು, ಮುಂದಿನ ಪ್ರಶ್ನೆಗಳೂ ಅದರ ಮೇಲೆಯೇ.

"ನಮ್ಮ ಕೋಣೇಲಿ ಒಂದು ಕಟ್ಟುಪಾಡು ಇದೆ," ಎಂದಳು. "ಹಾಕಿದವಳು ಹೇಳೋ ಹಾಗಿಲ್ಲ. ತೆಗೆದವಳು ಹೇಳಬೇಕು. ಗಂಟು ಕಟ್ಟಿದವಳಿಗೆ ತನ್ನ ಗಂಟು ಯಾವಾಗ್ಲೂ ಚೆನ್ನಾಗೇ ಕಾಣತ್ತೆ. ಅದಕ್ಕೆ ಇನ್ನೊಬ್ಬಳು ತಿರುಗಿಸಿ ನೋಡಿ, ತಳ ಮುಟ್ಟಿ, ಮೇಲೆ ಅಂಟಿಸಿದ ಪಟ್ಟಿ ಬಿಸಿಗೆ ಬಣ್ಣ ತಿರುಗಿದೆಯಾ ಅಂತ ನೋಡಿ, ಆಗಿದೆ ಅಂತಾಳೆ. ಆ ಮಾತು ಕೇಳಿದ ಮೇಲೇ ಕಿಟಕಿಯವಳು ಒಯ್ಯೋದು. ನಾನು ಹಾಕಿದ್ದು ನಾನು ಹೇಗೆ ಹೇಳಲಿ? ತೆಗೆದು ನೋಡಬೇಕಾದ ಚೂಟಿ ಹೊರಗೆ ನಿಂತಿದ್ಲು."

"ಇನ್ನೂ ನೋಡಿಲ್ಲ ಅಂತ ಹೇಳಬಹುದಿತ್ತಲ್ಲ?"

"ಆಗಿಲ್ಲ ಅನ್ನೋದನ್ನೂ ಹಾಕಿದವಳು ಹೇಳಬಾರದು. ಒಂದ್ಸಲ ಶುರುವಾದ್ರೆ ಆಮೇಲೆ ನೋಡುವವಳು ಗಂಟು ನೋಡಲ್ಲ, ನಮ್ಮ ಮುಖ ನೋಡ್ತಾಳೆ. ಮೇಲಿಂದ ನೀನು ನೋ ಅನ್ನಬೇಡಿ ಅಂದಿದ್ದೆ. ಐ ಹ್ಯಾವ್ ಅಂದ್ರೆ ಸುಳ್ಳು. ಕಿಟಕೀಲಿ ಥಿಯೇಟರ್ ಹುಡುಗಿ ಬೇರೆ ಕೈ ಚಾಚಿಕೊಂಡು ನಿಂತಿದ್ಲು. ಸುಮ್ಮನಾದೆ."

ನಾದಿನಿಯ ಸಿಟ್ಟು ಒಮ್ಮೆಲೇ ಅತ್ತಿಗೆಯ ಮೇಲೆ ತಿರುಗಿತು. ಅವರು ಕೇಳಿದ್ದು ಇಂಗ್ಲಿಷು, ಗಂಟನ್ನಲ್ಲ. ಪರೀಕ್ಷೆಯೆಂದರೆ ನಾಟಕವಿದ್ದ ಹಾಗೆ, ನಾಟಕದಲ್ಲಿ ರಾಣಿಯ ವೇಷ ಹಾಕಿದವಳು ಮನೆಯಲ್ಲೂ ರಾಣಿಯಾಗಿರಬೇಕೇನು? ಒಂದು ಮಾತು ಅಂದಿದ್ದರೆ ಕುರ್ಚಿ ಸಿಗುತ್ತಿತ್ತು, ಭುಜ ಉಳಿಯುತ್ತಿತ್ತು. ಹೀಗೆಲ್ಲ ಕೂಗಾಡಿದಳು. ತಾಯಿಯೇ ನಡುವೆ ಬಾಯಿ ಹಾಕಿ, "ಆ ಮಾತು ಹೇಳಿದ್ರೆ ಏನಾಗ್ತಿತ್ತಮ್ಮ, ಅದನ್ನ ಹೇಳು," ಎಂದು ಸೊಸೆಯನ್ನು ಕೇಳಿದಳು.

ಅತ್ತಿಗೆ ಬಹಳ ಹೊತ್ತು ಹೇಳಲೊಲ್ಲಳು. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ನಾದಿನಿಯಿಂದ ಮಾತು ತೆಗೆದುಕೊಂಡ ಮೇಲೆ ಹೇಳಿದಳು. ಅವಳ ನಂತರ ಚೂಟಿ ಒಳಗೆ ಹೋದಳು. ಅದೇ ಗಂಟು, ಅದೇ ಪ್ರಶ್ನೆ. ಚೂಟಿ ಗಂಟನ್ನು ಮುಟ್ಟದೆ, ತರಗತಿಯಲ್ಲಿ ಹೇಳುತ್ತಿದ್ದ ಹಾಗೆ ಗಂಟಲು ತೆರೆದು, ಐ ಹ್ಯಾವ್ ಚೆಕ್ಡ್ ಇಟ್ ಸರ್, ಇಟ್ ಈಸ್ ರೆಡಿ ಎಂದಳು. ಪರೀಕ್ಷಕರು ತಲೆದೂಗಿದರು. ಕಿಟಕಿಯಲ್ಲಿದ್ದ ಥಿಯೇಟರಿನ ಹುಡುಗಿಗೆ ಇಂಗ್ಲಿಷಾದರೇನು, ಕನ್ನಡವಾದರೇನು, ತೆಗೆಯುವವಳ ಬಾಯಿಂದ ಮಾತು ಬಂತು. ಗಂಟು ಎತ್ತಿಕೊಂಡು ಹೊರಟೇಬಿಟ್ಟಳು. ಹೊರಗೆ ನಿಂತಿದ್ದ ಅತ್ತಿಗೆ ಕಾರಿಡಾರಿನಲ್ಲಿ ಅವಳನ್ನು ತಡೆದು, ಯಾರು ಹೇಳಿದ್ದೆಂದು ಕೇಳಿ, ಗಂಟನ್ನು ತಿರುಗಿಸಿ ಮುಟ್ಟಿದಳು. ತಳ ಒದ್ದೆಯಾಗಿತ್ತು.

"ಒದ್ದೆಯಾದ್ರೆ ಏನು?" ಎಂದಳು ತಾಯಿ.

"ಒದ್ದೆ ಬಟ್ಟೆ ಹೊರಗಿನ ಕೊಳೆನೆಲ್ಲ ಒಳಗೆ ಎಳ್ಕೊಳ್ಳತ್ತೆ ಅತ್ತೆ. ಅದರೊಳಗಿನ ಕತ್ತರಿ ಹೋಗೋದು ಯಾರದೋ ಹೊಟ್ಟೆಯೊಳಗೆ."

ಅತ್ತಿಗೆ ಆ ಗಂಟನ್ನು ಸದ್ದಿಲ್ಲದೆ ವಾಪಸು ತಂದು ಬಿಚ್ಚಿ, ಮೊದಲಿಂದ ಮತ್ತೆ ತೊಳೆದು ಕಟ್ಟಿದ್ದಳು. ಚೂಟಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳಂತೆ. ಎಳೆಯ ಹುಡುಗಿ, ಹೆದರಿಬಿಟ್ಟಿದ್ದಾಳೆ, ಅವಳ ಅನ್ನಕ್ಕೆ ಕಲ್ಲು ಹಾಕಬೇಡ ಎಂದು ಅತ್ತಿಗೆ ಇನ್ನೊಮ್ಮೆ ಹೇಳಿದಳು.

ನಾದಿನಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎಂಥ ಲೋಕ ಇದು ಎನಿಸಿತು. ಇಲ್ಲದ್ದನ್ನು ಇದೆಯೆಂದವಳಿಗೆ ಪೂರ್ತಿ ಅಂಕ, ಇಲ್ಲದ್ದನ್ನು ಇದೆಯೆನ್ನಲಾರದೆ ಸುಮ್ಮನಾದವಳಿಗೆ ಸೊನ್ನೆ. ಐ ಹ್ಯಾವ್ ಚೆಕ್ಡ್. ವ್ಯಾಕರಣದಲ್ಲಿ ಕೂದಲೆಳೆಯ ತಪ್ಪಿಲ್ಲ. ಮಾಡಿದ್ದೇನೆ ಅನ್ನುವ ಮಾತು ಸುಮ್ಮನೆ ಕ್ರಿಯಾಪದವಲ್ಲ, ಅದು ಸಾಕ್ಷಿ ನುಡಿದ ಹಾಗೆ, ದೇವರು ಕೇಳಿಸಿಕೊಳ್ಳುತ್ತಿರುತ್ತಾನೆ ಎಂದು ಯಾವ ಪಾಠದಲ್ಲೂ ಇಲ್ಲವಲ್ಲ. ಹೀಗೆ ಲೋಕವನ್ನೆಲ್ಲ ಬೈದು ಮುಗಿಸಿದ ಮೇಲೆ, ಯೋಚಿಸುತ್ತ ನಿಲ್ಲಬೇಡಿ, ಐ ಹ್ಯಾವ್ ಎಂದು ಶುರು ಮಾಡಿಬಿಡಿ ಎಂದು ಆ ಹುಡುಗಿಗೆ ಹೇಳಿಕೊಟ್ಟವಳು ಯಾರೆಂಬುದು ನೆನಪಾಗಿ ಎದ್ದು ಕೂತಳು. ಸಿಟ್ಟು ತಣಿಯಲಿಲ್ಲ, ಇನ್ನಷ್ಟು ಏರಿತು. ಅದಕ್ಕೆ ಗುರಿಯಾದವರಲ್ಲಿ ತಾನೂ ಸೇರಿಕೊಂಡಳು, ಅಷ್ಟೇ.

ಬೆಳಿಗ್ಗೆ ಶಾಲೆಗೆ ರಜೆ ಹೇಳಿ ನೇರ ಆಡಳಿತಾಧಿಕಾರಿಯ ಕೋಣೆಗೆ ಹೋದಳು. ಗಾಜು ಹೊದಿಸಿದ ಮೇಜು, ನೀರು ಬೇಡದ ಪ್ಲಾಸ್ಟಿಕ್ ಗಿಡ, ಸ್ವೆಟರು ಬೇಕೆನಿಸುವಷ್ಟು ತಂಪು. ಅಧಿಕಾರಿ ಸಭ್ಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ, ಟೀ ಹೇಳಲೇ ಎಂದ. ಸಭ್ಯರ ಎದುರು ಸಿಟ್ಟು ಮಾಡುವುದು ಕಷ್ಟದ ಕೆಲಸ, ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಅವಳು ಆ ಕೋಣೆಯ ಕಟ್ಟುಪಾಡನ್ನು ವಿವರಿಸಿದಳು. ಅತ್ತಿಗೆ ಸುಮ್ಮನಿದ್ದದ್ದು ಗೊತ್ತಿಲ್ಲದ್ದಕ್ಕಲ್ಲ, ಇನ್ನೊಬ್ಬಳು ನೋಡಿರಲಿಲ್ಲ ಅನ್ನುವುದಕ್ಕೆ ಎಂದಳು. ಬೇರೆ ಪ್ರಶ್ನೆ ಕೇಳಿ ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮೇಡಂ, ಅವರ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದ್ರೆ ಪರೀಕ್ಷೆ ಇದ್ದದ್ದು ಭಾಷೆಗೆ. ಅದೊಂದು ಉದಾಹರಣೆ ಅಷ್ಟೇ, ನಿಜವಾಗಿ ಗಂಟು ಆಗಿದೆಯಾ ಅಂತ ಯಾರು ಕೇಳಿದ್ರು?"

"ನಿಜವಾದ ಗಂಟಿನ ಮೇಲೆ ಬೆರಳಿಟ್ಟು ಕೇಳಿದ್ರಲ್ಲ ಸರ್. ಆ ಕೋಣೇಲಿ ಉದಾಹರಣೆಗೆ ಅಂತ ಏನೂ ಇರಲ್ಲ. ಅಲ್ಲಿ ಒಂದು ಮಾತಂದ್ರೆ ಗಂಟು ಎದ್ದು ಮೇಲೆ ಹೋಗತ್ತೆ."

"ಅದೇ ಗಂಟು, ಅದೇ ಪ್ರಶ್ನೆ. ಇನ್ನೊಬ್ಬಳು ಹೇಳಿದಳಲ್ಲ? ನಿಮ್ಮ ಶಿಷ್ಯೆಯೇ," ಎಂದು ಅವನು ನಕ್ಕ. "ನೀವು ಕಲಿಸಿದ ಉಪಾಯ ಅಂತೆ. ಏನೇ ಕೇಳಿದ್ರೂ ಐ ಹ್ಯಾವ್ ಅಂತ ಶುರು ಮಾಡೋದು. ಪರೀಕ್ಷಕರಿಗೆ ತುಂಬಾ ಹಿಡಿಸಿತು."

ಮುಖಕ್ಕೆ ಹೊಡೆದಂತಾಯಿತು ಅವಳಿಗೆ. ಒಂದೇ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಆ ಗಂಟಿನ ತಳ ಒದ್ದೆಯಾಗಿತ್ತು ಸರ್, ಅದು ಥಿಯೇಟರಿನ ದಾರಿ ಹಿಡಿದಿತ್ತು ಎಂದರೆ ಸಾಕು, ಈ ತಂಪು ಕೋಣೆಗೆ ಬಿಸಿ ಮುಟ್ಟುತ್ತಿತ್ತು. ಆದರೆ ಅತ್ತಿಗೆಗೆ ಮಾತು ಕೊಟ್ಟಿದ್ದಳು. ಕೈಯಲ್ಲಿ ಕಲ್ಲಿದ್ದೂ ಎಸೆಯಲಾರದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಸರ್, ಇದು ಅನ್ಯಾಯ ಎಂದಷ್ಟೇ ಹೇಳಿದಳು. ತನ್ನ ದನಿ ತನಗೇ ಮಕ್ಕಳ ದೂರಿನ ಹಾಗೆ ಕೇಳಿಸಿತು.

ಅಧಿಕಾರಿಗೆ ಅವಳ ಮೇಲೆ ಕನಿಕರ ಬಂದಿರಬೇಕು. ನಿಮ್ಮ ಪಾಠ ಎಷ್ಟು ಚೆನ್ನಾಗಿ ಫಲ ಕೊಟ್ಟಿದೆ ನೀವೇ ನೋಡಿ, ಸಮಾಧಾನವಾಗುತ್ತದೆ ಎಂದು ಫೋನು ಮಾಡಿ ಚೂಟಿಯನ್ನು ಕರೆಸಿದ. ಅವಳು ತಲೆಯ ಟೋಪಿಯನ್ನೂ ತೆಗೆಯದೆ, ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು. ಟೀಚರನ್ನು ನೋಡಿದ ಕೂಡಲೇ ಕಣ್ಣು ನೆಲಕ್ಕೆ ಹೋಯಿತು. ಎಲ್ಲ ಬಯಲಾಗಿದೆ ಎಂದುಕೊಂಡಳೋ ಏನೋ.

"ಮೇಡಂಗೆ ಒಂದ್ಸಲ ಹೇಳಿ ತೋರಿಸಮ್ಮ," ಎಂದ ಅಧಿಕಾರಿ. ಆಮೇಲೆ ಪರೀಕ್ಷಕರ ಗತ್ತಿನಲ್ಲೇ ಕೇಳಿದ, "ಹ್ಯಾವ್ ಯೂ ಚೆಕ್ಡ್ ದಟ್ ಬಂಡಲ್?"

ನಾದಿನಿ ಆ ಹುಡುಗಿಯ ಮುಖವನ್ನೇ ನೋಡಿದಳು. ನೋ ಅನ್ನಬೇಡಿ ಎಂದು ತಾನು ಬಡಿದು ಬಡಿದು ಹೇಳಿದ್ದು ನೆನಪಾಯಿತು. ಅದನ್ನು ಈಗಲೇ ವಾಪಸು ತೆಗೆದುಕೊಳ್ಳಬೇಕೆನಿಸಿತು. "ನಿಧಾನವಾಗಿ ಯೋಚಿಸಿ ಹೇಳು ಮಗಳೇ," ಎಂದಳು.

"ನೋ ಸರ್," ಎಂದಳು ಚೂಟಿ. "ಐ ಹ್ಯಾವ್ ನಾಟ್ ಚೆಕ್ಡ್ ಇಟ್. ಐ ಹ್ಯಾಡ್ ನಾಟ್ ಚೆಕ್ಡ್ ಇಟ್ ವೆನ್ ಐ ಸೆಡ್ ಐ ಹ್ಯಾಡ್."

ಮತ್ತೆ ಕನ್ನಡಕ್ಕೆ ಬಂದು ಎಲ್ಲವನ್ನೂ ಹೇಳಿದಳು. ಮುಟ್ಟದೆಯೇ ಆಗಿದೆ ಎಂದದ್ದು, ಗಂಟು ಹೋದದ್ದು, ಅಕ್ಕ ಕಾರಿಡಾರಿನಲ್ಲಿ ತಡೆದದ್ದು, ತಳ ಒದ್ದೆಯಿದ್ದದ್ದು, ಅಕ್ಕ ಒಂದು ಮಾತೂ ಬೈಯದೆ ಸೋತ ಭುಜದಲ್ಲೇ ಅದನ್ನು ಮತ್ತೆ ಎತ್ತಿ ಹಾಕಿದ್ದು. ಎಲ್ಲೂ ನಿಲ್ಲಿಸಲಿಲ್ಲ, ಅಳಲೂ ಇಲ್ಲ. ಅಳು ನಿನ್ನೆಯೇ ಮುಗಿದಿತ್ತು.

ಅಧಿಕಾರಿ ಮೇಜಿನ ಗಾಜಿನಲ್ಲಿ ಕಂಡ ತನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಕೊನೆಗೆ, "ಇಂಗ್ಲಿಷ್ ಚೆನ್ನಾಗಿದೆ," ಎಂದ.

ನಾದಿನಿ ಎದ್ದು ನಿಂತಳು. ಅವಳು ಏನೆಂದಳೆಂಬುದನ್ನು ಪಕ್ಕದ ಕೋಣೆಯ ಗುಮಾಸ್ತ ಆಮೇಲೆ ಬಹಳ ದಿನ ನಾಲ್ಕು ಜನರ ನಡುವೆ ಅಭಿನಯಿಸಿ ತೋರಿಸುತ್ತಿದ್ದನಂತೆ. ಆದರೆ ಅವಳು ಕೂಗಲಿಲ್ಲ. ಆ ಕತ್ತರಿ ನಿಮ್ಮ ಮನೆಯವರ ಹೊಟ್ಟೆಗೆ ಹೋಗುವುದಾಗಿದ್ದರೆ, ಹೇಳಿದವಳ ಇಂಗ್ಲಿಷ್ ಚೆನ್ನಾಗಿತ್ತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದಿರಾ ಸರ್ ಎಂದು ಕೇಳಿದಳು. ಈ ಹುಡುಗಿಯ ಬಾಯಿಗೆ ಆ ಸುಳ್ಳನ್ನು ಇಟ್ಟವಳು ನಾನು, ಅದಕ್ಕೆ ಬೆಲೆ ಕಟ್ಟಿದವರು ನೀವು, ಇವಳೋ ತಾನಾಗಿಯೇ ಅದನ್ನು ಉಗುಳಿದಳು, ನಾವಿಬ್ಬರೂ ಇನ್ನೂ ನುಂಗಿಕೊಂಡೇ ಕೂತಿದ್ದೇವೆ ಎಂದಳು.

ಅಧಿಕಾರಿಯ ಸಭ್ಯತೆ ಒಂದು ಗಳಿಗೆ ಎಲ್ಲಿಗೋ ಹೋಗಿ ಬಂತು. ಅವನು ಚೂಟಿಯತ್ತ ತಿರುಗಿ, ಹಾಗಾದರೆ ನಿನಗೆ ಈ ಹುದ್ದೆ ಬೇಡವೇ ಎಂದ.

"ಬೇಡ ಸರ್. ನಾನು ಆ ಕುರ್ಚೀಲಿ ಕೂತು ಆಗಿದೆ ಅಂದ್ರೆ ಯಾರು ನಂಬ್ತಾರೆ? ಥಿಯೇಟರ್ ಹುಡುಗಿ ಇವತ್ತು ಬೆಳಿಗ್ಗೆಯಿಂದ ನಾನು ಕೊಟ್ಟ ಗಂಟನ್ನೆಲ್ಲ ಕಿಟಕೀಲೇ ತಿರುಗಿಸಿ ತಿರುಗಿಸಿ ಮುಟ್ಟಿ ನೋಡ್ತಿದಾಳೆ. ನನ್ನ ಮುಂದೇನೇ."

ಅದನ್ನು ಹೇಳುವಾಗ ಮಾತ್ರ ಅವಳ ದನಿ ಒಡೆಯಿತು.

ಅಧಿಕಾರಿ ದೊಡ್ಡಕ್ಕನಿಗೆ ಫೋನು ಮಾಡಿದ. ಈ ತುದಿಯಲ್ಲಿ ಹೂಂ, ಹೂಂ ಎಂಬುದಷ್ಟೇ ಕೇಳುತ್ತಿತ್ತು. ಫೋನಿಟ್ಟು, ಕೆಲಸ ನಿಲ್ಲಬಾರದು, ಹಾಗಾಗಿ ಸದ್ಯಕ್ಕೆ ನಿಮ್ಮ ಅತ್ತಿಗೆಯೇ ನೋಡಿಕೊಳ್ಳಲಿ, ಪರೀಕ್ಷೆಯ ಫಲಿತಾಂಶ ಇದ್ದ ಹಾಗೇ ಇರುತ್ತದೆ, ಅದನ್ನು ನಾನು ತಿದ್ದಲು ಬರುವುದಿಲ್ಲ, ಮುಂದೆ ಯಾವಾಗಲಾದರೂ ಮತ್ತೆ ಕೂರಲಿ ಎಂದ. ಚೂಟಿ ಕಣ್ಣೊರೆಸಿಕೊಂಡು ಕೈ ಮುಗಿದಳು. ನಾದಿನಿ ಮುಗಿಯಲಿಲ್ಲ.

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನಲ್ಲೇ ಅತ್ತಿಗೆ ಸಿಕ್ಕಳು. ಚೂಟಿಯನ್ನು ಮೇಲೆ ಕರೆಸಿದ್ದಾರೆಂದು ತಿಳಿದು ಗಾಬರಿಯಲ್ಲಿ ಹತ್ತಿ ಬರುತ್ತಿದ್ದಳು. ಮೊದಲು ಕೇಳಿದ್ದು, "ಮಾತು ಕೊಟ್ಟಿದ್ದೆಯಲ್ಲೇ?" ಎಂದು. ಚೂಟಿಯೇ ಮುಂದೆ ಬಂದು, ಟೀಚರ್ ಏನೂ ಹೇಳಲಿಲ್ಲ ಅಕ್ಕ, ನಾನೇ ಹೇಳಿದೆ ಎಂದಳು. ಅತ್ತಿಗೆ ಅವಳ ಕೆನ್ನೆಯನ್ನು ಎಡಗೈಯಿಂದ ಮುಟ್ಟಿ, ಕೆಳಗೆ ಹೋಗು, ಎರಡನೇ ಪೆಟ್ಟಿಗೆ ತೆರೆಯುವ ಹೊತ್ತಾಯಿತು ಎಂದು ಕಳಿಸಿದಳು.

ನಾದಿನಿ ಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಮತ್ತೆ ಕೆಂಡವಾದಳು. ಸದ್ಯಕ್ಕೆ ಅಂತೆ. ಫೇಲಾದದ್ದು ಫೇಲಾದ ಹಾಗೇ ಅಂತೆ. ನಿಮಗೆ ಕೊಡುವುದಲ್ಲ, ನಿಮ್ಮನ್ನು ಅಲ್ಲಿ ಕಾಯಲು ಕೂರಿಸುವುದು, ನಾಳೆ ಇಂಗ್ಲಿಷ್ ಉದುರಿಸುವ ಇನ್ನೊಬ್ಬಳು ಬಂದ ದಿನ ಏಳಿ ಅನ್ನುವುದಕ್ಕೆ.

ಅತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇನ್ನು ಗಂಟು ಎತ್ತಬೇಕಾಗಿಲ್ಲ ಎಂಬುದು ಅವಳ ಭುಜಕ್ಕೆ ಆಗಲೇ ತಿಳಿದಿತ್ತೋ ಏನೋ, ಅದು ತಾನಾಗಿ ಇಳಿದು ನಿಂತಿತು.

"ಸದ್ಯಕ್ಕೆ ಅಂದ್ರೆ ಏನೇ ಕಡಿಮೆ?" ಎಂದಳು. "ದೇವರು ನಮ್ಮನ್ನೆಲ್ಲ ಇಲ್ಲಿ ಇಟ್ಟಿರೋದೂ ಸದ್ಯಕ್ಕೇ. ಆ ಹುಡುಗಿ ತಾನಾಗಿ ಹೇಳಿದ್ಲಲ್ಲ, ನನಗೆ ಅದೇ ಸಾಕು."

"ನನಗೆ ಸಾಲದು ಅತ್ತಿಗೆ."

"ಗೊತ್ತು ಕಣೇ," ಎಂದು ಅತ್ತಿಗೆ ನಕ್ಕಳು. ಮೆಟ್ಟಿಲ ಕಂಬಿ ಹಿಡಿದು ಎದ್ದು, ಕೆಳಗಿನ ಬಿಸಿ ಕೋಣೆಗೆ ಇಳಿದು ಹೋದಳು.

ಅತ್ತಿಗೆಯ ಸಮಾಧಾನ ದೊಡ್ಡದು, ಅದು ಅವಳ ಪುಣ್ಯ. ಆದರೆ ಇನ್ನೊಬ್ಬರ ಸಮಾಧಾನದ ನೆರಳಿನಲ್ಲಿ ಅನ್ಯಾಯ ಆರಾಮವಾಗಿ ಮಲಗಲು ಬಿಡುವುದು ತನ್ನಿಂದಾಗದು ಎನಿಸಿತು ನಾದಿನಿಗೆ. ಫಲಿತಾಂಶವನ್ನು ತಿದ್ದಲು ಬರುವುದಿಲ್ಲವಂತೆ. ಯಾಕೆ ಬರುವುದಿಲ್ಲ? ಪರೀಕ್ಷಕರಿಗೆ ತಾನೇ ಬರೆಯುತ್ತೇನೆ ಎನ್ನಬೇಕು. ಆ ಕೋಣೆಯೊಳಗೆ ಇನ್ನೆಂದೂ ಯಾರೂ ಉದಾಹರಣೆಗೆಂದು ಬೆರಳು ತೋರಿಸಿ ಕೇಳಬಾರದು, ಮತ್ತು ಇವತ್ತಿನ ಸಂಜೆಯ ತರಗತಿಯಲ್ಲಿ ಮೊದಲು ಕಲಿಸುವುದು ಇಲ್ಲ ಅನ್ನುವುದನ್ನು ಎಂದು ಹೇಳಬೇಕು. ಬೇಕಿದ್ದರೆ ಇರಲಿ, ಬೇಡದಿದ್ದರೆ ಬೇರೆ ಟೀಚರನ್ನು ಹುಡುಕಿಕೊಳ್ಳಲಿ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಗುಮಾಸ್ತ, ಸಾಹೇಬರು ಈಗ ಬಿಡುವಾಗಿಲ್ಲ ಮೇಡಂ ಎನ್ನುತ್ತ ಎದ್ದು ಅಡ್ಡ ಬಂದ. ಅವಳು ಅವನನ್ನು ದಾಟಿ ಹೋಗಿ ಬಾಗಿಲು ತಳ್ಳಿದಳು.